ಎಳೀಬ್ಯಾಡ್ರಿ

ಬಾಯಿಯ ಎಡಗಡೆ ತುದಿಗೆ ನಾಕು ಬೆರಳಷ್ಟು ಕೆಂಪು.
ರಕ್ತ ಅಂದ್ಲು ಇವಳು.
ರಕ್ತ ಅಲ್ಲ. ನಲವತ್ತು ವರ್ಷ ನೋಡೇನಿ ಆ ಕೆಂಪನ್ನ,
ಸೂಜಿಮಲ್ಲಿಗಿ ಖಣದ ದಡಿಗೆ ತಂದ ರೇಷ್ಮಿ.

ಲಾಳಿ ಅಂತ ಹೆಸರಿಟ್ಟವ ನಾನ.
ಮಗ್ಗದ ಈ ಕಡಿಂದ ಆ ಕಡಿಗೆ, ಆ ಕಡಿಂದ ಈ ಕಡಿಗೆ
ಮರಿ ಇದ್ದಾಗಿಂದ ಅದ ಓಟ.
ನಿನ್ನಿ ಮಧ್ಯಾಹ್ನದಿಂದ ಓಡಿಲ್ಲ.
ಕುಣಿಯೊಳಗ, ನನ್ನ ಕಾಲು ಇಳಿಬಿಡೂ ಜಾಗದಾಗ
ಮುದುಡಿ ಕುಂತು ಬರೇ ನೊರಿ ಕಾರತಿತ್ತು.

ಕೈ ತಾನ ಹೋತು.
ಸಡ್ಲಾದ ಎಳಿ ಕಂಡ್ರ ಎಳದು ತಗಿ ಅಂತ
ಈ ಬೆರಳಿಗೆ ಯಾರೂ ಹೇಳಬೇಕಾಗಿಲ್ಲ.

"ಎಳೀಬ್ಯಾಡ್ರಿ!"

ಮಗಳ ಕೈಯಾಗಿನ ಫೋನಿನಿಂದ ಒಂದು ಹೆಣ್ಣುದನಿ.
ಊರ ದವಾಖಾನಿಗೆ ಬೀಗ, ಅಲ್ಲಿಯವ ಎಲ್ಲೋ ತೋಟದಾಗ
ಅಡ್ಡ ಬಿದ್ದ ಎಮ್ಮಿ ಕರುವಿಗೆ ಕೈ ಹಾಕಿ ನಿಂತಾನ.
ಅವನ ಕೊಟ್ಟ ನಂಬರು ಇದು, ನವನಗರದ ಡಾಕ್ಟರು, ಅಂಬಿಗೇರ ಬಾಯಿ.
"ಒಂದು ತುದಿ ನಾಲಿಗಿ ಬುಡಕ್ಕ ಸುತಗೊಂಡಿರತದ,
ಇನ್ನೊಂದು ಕರುಳಿನ್ಯಾಗ ಎಲ್ಲಿ ಮುಟ್ಯದೋ.
ಲಾಡಿ ಜಗ್ಗಿದ ಚಣ್ಣ ನೋಡೀರಲ್ಲ?
ಹಂಗ ನೆರಿಗಿ ಬಿದ್ದಿರತಾವ ಕರುಳು.
ಜಗ್ಗಿದ್ರ ಕೊಯ್ಯತದ."

ಕೈ ಹಿಂದಕ್ಕ ತಗೊಂಡೆ. ಬೆನ್ನ ಹಿಂದ ಕಟ್ಟಿಕೊಂಡೆ.

ಎಷ್ಟು ಉದ್ದ? ಎರಡು ಮೊಳ, ಮ್ಯಾಲೊಂದು ಗೇಣು.
ಸೂಜಿ ಇತ್ತೇನು?
ಇವಳು ದಿಂಬಿನ ಸೂಜಿ ಎಣಿಸಿದ್ಲು. ಏಳಕ್ಕ ಏಳೂ ಅದಾವ.
ವಸಡಿನ ಬಣ್ಣ?
ತುಟಿ ಎತ್ತಿ ನೋಡಿದೆ.
ಕೆಂಪು ಅನ್ನಲಿಕ್ಕೆ ಬಾಯಿ ಬರಲಿಲ್ಲ, ಬಿಳಿ ಅನ್ನಲಿಕ್ಕೂ.
ಹಾಲಿಗೆ ಒಂದು ಚಿಟಿಕಿ ಕುಂಕುಮ ಬಿದ್ದಂಗ, ಅಂದೆ.
ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ಲು.
"ಈಗ ಹೊಂಡ್ರಿ. ಹೊಟ್ಟಿ ಒತ್ತಬ್ಯಾಡ್ರಿ.
ಹಾಲು ಬ್ಯಾಡ, ಎಣ್ಣಿ ಬ್ಯಾಡ, ನೀರಿನ ಹನೀನೂ ಬ್ಯಾಡ."
ತುಪ್ಪದ ಬಟ್ಟಲ ಹಿಡದು ಬಂದಿದ್ದ ಅವ್ವ
ಬಾಗಲದಾಗ ಹಂಗ ನಿಂತ್ಲು.

ದಸ್ತಗೀರನ ಟಂಟಂ ತುಂಬ ನಾಳಿನ ಸಂತಿಯ ಉಳ್ಳಾಗಡ್ಡಿ.
ಎರಡು ಚೀಲ ಇಳಿಸಿ ಜಾಗ ಮಾಡಿದ, ಬಾಡಿಗಿ ಮಾತಾಡಲಿಲ್ಲ.
ಮಿಕ್ಸರ್ ಬಂದ ರಟ್ಟಿನ ಡಬ್ಬಿ, ಮಗಳ ಹಳೇ ಸ್ವೆಟರು.
ಗುಳೇದಗುಡ್ಡದ ಕಲ್ಲು ಹಿಂದ ಬಿದ್ದು
ಹಾದಿ ಬಯಲಾದಾಗ ಒಳಗಿಂದ ಒಂದು ಸಪ್ಪಳ ಬಂತು,
ಅತ್ತದ್ದಲ್ಲ, ನೂಲು ಹರಿಯೂ ಮುಂಚೆ
ಮಗ್ಗ ಮಾಡ್ತದಲ್ಲ, ಅಂಥದು.
"ಇನ್ನಾ ಜೋರು ಹೊಡಿ" ಅಂದೆ.
"ತಗ್ಗು ಅದಾವ ಕಾಕಾ, ಹೊಟ್ಟಿ ಅಲುಗತದ" ಅಂದ.

ನವನಗರದಾಗ ಬರೇ ಸೆಕ್ಟರು, ಬರೇ ನಂಬರು,
ರಾತ್ರಿ ಎಲ್ಲಾ ಮನಿಗೂ ಒಂದ ಮುಖ.
ಒಂದು ಗೇಟಿಗೆ ದೀಪ ಇತ್ತು.
ನೈಟಿ ಮ್ಯಾಲ ಬಿಳಿ ಕೋಟು ಹಾಕ್ಕೊಂಡು ಬಾಯಿ ನಿಂತಿದ್ರು.

ಕಾಗದಕ್ಕ ಸಹಿ ಹಾಕಿದೆ.
ಉಳೀಲಿಕ್ಕಿಲ್ಲ ಅನ್ನೂದೂ ಆ ಕಾಗದದಾಗ ಬರದಿತ್ತು.
ಬಾಗಲದ ಗಾಜಿನಿಂದ ಸ್ವಲ್ಪ ಕಾಣತಿತ್ತು.
ಮದಲು ನಾಲಿಗಿ ಕೆಳಗ ಕತ್ತರಿ, ಆಮ್ಯಾಲ ಹೊಟ್ಟಿ.
ಮೂರು ಕಡೆ ಕರುಳು ಬಿಚ್ಚಿ, ತುಂಡು ತುಂಡು ಮಾಡಿ
ಎಳೀದನ ತಗದ್ರು ಆ ಎಳೀನ.
ಹೊಲಿಗಿ ಹಾಕೂದು ನೋಡಿದೆ.
ಗಂಟು ಹಾಕಿ, ಅದರ ಮ್ಯಾಲ ತಿರುವಿ ಇನ್ನೊಂದು,
ತುದಿ ಸಣ್ಣಗ ಕತ್ತರಿಸಿ.
ನಮ್ಮ ಓಣ್ಯಾಗ ಇಷ್ಟು ಚಲೋ ಗಂಟು ಹಾಕವರು
ಇಬ್ಬರೋ ಮೂವರೋ.

ಮೂರು ದಿನ ಏನೂ ಹೇಳಲಿಕ್ಕಾಗೂದಿಲ್ಲ ಅಂದ್ರು.
ನಾಕನೇ ದಿನ ಅನ್ನದ ಗಂಜಿ ನೆಕ್ತು.
ಈಗ ಕೊಳ್ಳಿಗೊಂದು ಪ್ಲಾಸ್ಟಿಕ್ ಬುಟ್ಟಿ ಕಟಗೊಂಡು
ಮಗ್ಗಾನ ಕೆಕ್ಕರಿಸಿ ನೋಡ್ತದ,
ಎಲ್ಲಾ ಅದರದ ತಪ್ಪು ಅನ್ನೂವಂಗ.
ಕತ್ತರಿಸಿದ ಎಳಿಗೆಲ್ಲ ಮುಚ್ಚಳದ ಡಬ್ಬಿ ಬಂದದ.

ಒಂದು ಬೆಕ್ಕಿಗೆ ಎಷ್ಟು ಖಣದ ದುಡ್ಡು ಹೋತೋ, ಅಂದ್ಲು ಅವ್ವ.
ಎಣಿಸಿಲ್ಲ ಅಂದೆ.

ಎಣಿಸಿದ್ದೆ. ನಲವತ್ತೊಂದು.